ಅಪ್ಪ ಬರೆದ ಹದಿಮೂರು ಪಂದ್ಯಗಳು

ಕಾಲೇಜು ಹಾಸ್ಟೆಲ್, ರೂಮ್ ೨೧೪
ಮಾರ್ಚ್ ೩, ಬುಧವಾರ

ಪ್ರೀತಿಯ ಅಪ್ಪಾ,

ಮೊದಲಿಗೆ, ಕ್ಷಮಿಸಿ. ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಬರೆಯುವವಳನ್ನು ಕಂಡು ನನ್ನ ರೂಮ್‌ಮೇಟ್‌ಗೇ ನಗು ಬರುತ್ತಿದೆ. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ?", "ಆಯ್ತು, ನಿಮ್ದು?" ದಾಟಿ ಮುಂದೆ ಹೋಗಿದ್ದೇ ಇಲ್ಲ. ಅದಕ್ಕಿಂತ ಹೆಚ್ಚು ಕೇಳಿದರೆ ನಿಮಗೆ ತಕ್ಷಣ ನೆಟ್‌ವರ್ಕ್ ಹೋಗಿಬಿಡುತ್ತದೆ. ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಬಂದರಿನ ವರ್ಕ್‌ಶಾಪಿನಲ್ಲಿ ಲಾರಿಯಡಿ ಮಲಗುವ ಕೆಲಸವನ್ನು ಈಗಲಾದರೂ ಚಿಕ್ಕವರಿಗೆ ಬಿಡಿ. ನಾನು ಚೆನ್ನಾಗಿದ್ದೇನೆ. ಅಂದರೆ, ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಅಂಚಿನಲ್ಲಿ ಪಾಸು, ನಿದ್ದೆ ಕಮ್ಮಿ, ಮಿಕ್ಕಂತೆ ಫೈನ್. ಕನ್ನಡದಲ್ಲಿ ತಪ್ಪು ಕಂಡರೆ ಹಾಸ್ಟೆಲ್ ಶಾಲೆಯನ್ನು ಬೈಯಿರಿ, ನನ್ನನ್ನಲ್ಲ.

ವಿಷಯ ನಮ್ಮ ಬಸ್ ಡಿಪೋದ ಫುಟ್‌ಬಾಲ್ ಕ್ಲಬ್ಬಿನದು. ಎರಡು ವಾರದ ಹಿಂದೆ ಬಾಗಿಲು ಮಾವ ಕಾಲೇಜಿಗೇ ಬಂದಿದ್ದರು. ಯಾವ ಚೆಂಡು ಬಂದರೂ ನೆಂಟರ ಹಾಗೆ ಒಳಗೆ ಬಿಟ್ಟುಕೊಳ್ಳುತ್ತಿದ್ದ ಗೋಲ್‌ಕೀಪರ್‌ಗೆ ಆ ಹೆಸರಿಟ್ಟವರು ನೀವೇ ಅಂತೆ. ಈಗ ಅವರೇ ಅಧ್ಯಕ್ಷರು. ಮೈದಾನವನ್ನು ವಾಹನ ನಿಲ್ಲಿಸಲು ತೆಗೆದುಕೊಳ್ಳುತ್ತೇವೆ ಎಂದು ಪುರಸಭೆ ನೋಟಿಸ್ ಕೊಟ್ಟಿದೆ. ಜಾಗ ಕೊಟ್ಟಾಗಿನ ಷರತ್ತು ನಿಮಗೆ ಗೊತ್ತು: ವರ್ಷಕ್ಕೆ ಹತ್ತು ಪಂದ್ಯವಾದರೂ ಆಡಬೇಕು, ಒಂದೇ ಒಂದು ವರ್ಷ ತಪ್ಪಿದರೂ ಜಾಗ ವಾಪಸ್. ಈಗ ಮೂವತ್ತೊಂದು ವರ್ಷಕ್ಕೂ ಪುರಾವೆ ಬೇಕಂತೆ, ಜೊತೆಗೆ ಒಂದು ಇತಿಹಾಸ. "ಇಂಗ್ಲಿಷ್ ಓದಿದ ಹುಡುಗಿ ನೀನು, ನೀನೇ ಬರೆದು ಸೈನ್ ಹಾಕಮ್ಮ. ನಾವು ಬರೆದ್ರೆ ಅರ್ಜಿ ಥರ ಇರುತ್ತೆ," ಎಂದರು. ನಾನು ಉಬ್ಬಿಹೋಗಿ ಒಪ್ಪಿಕೊಂಡೆ.

ಬರೆಯುವಾಗ ಖುಷಿಯೇ ಇತ್ತು. ಯಾವ ಲೀಗಿಗೂ ಸೇರದ, ಬನ್ನಿ ಎಂದು ಯಾವ ಲೀಗೂ ಕರೆಯದ ಕ್ಲಬ್ಬು. ಬೆಳಗಿನ ಪಾಳಿ ಮುಗಿಸಿದ ಮೆಕ್ಯಾನಿಕ್‌ಗಳು ಗ್ರೀಸ್ ಮೆತ್ತಿದ ಕೈಯಲ್ಲೇ ಶುರುಮಾಡಿದ್ದು. ಮೊದಲ ಗೋಲ್‌ಕಂಬಗಳು ಗುಜರಿ ಬಸ್ಸಿನ ಪೈಪುಗಳು. ಮೊದಲ ಜರ್ಸಿಗಳನ್ನು ಒಂದೇ ಹಂಡೆಯಲ್ಲಿ ನೀಲಿಗೆ ಅದ್ದಿದ್ದರು. ಬೆವರಿಗೆ ಬಣ್ಣ ಬಿಟ್ಟು, ಆಟ ಮುಗಿಯುವಷ್ಟರಲ್ಲಿ ಎದುರು ತಂಡವೂ ನೀಲಿಯಾಗಿತ್ತು. ಇದನ್ನೆಲ್ಲ ಕಾರ್ಯದರ್ಶಿಯಾಗಿ ನೀವೇ ಬರೆದಿಟ್ಟ ಪಂದ್ಯ ಪುಸ್ತಕಗಳಿಂದ ತೆಗೆದೆ. ಒಂದು ವರ್ಷದ್ದು ಮಾತ್ರ ಸಿಗಲಿಲ್ಲ, ಡಿಪೋ ಮುಚ್ಚಿದ ವರ್ಷದ್ದು. ಆಗ ಆಟಗಾರರು ದಿಕ್ಕಾಪಾಲಾದರು, ಮಾವನಿಗೂ ದೂರದ ಡಿಪೋಗೆ ವರ್ಗವಾಯಿತು. ಮರುವರ್ಷ ಅವರು ಮರಳಿ ಬಂದಾಗ ನೀವು "ಹೇಗೋ ನಡೆಸಿದ್ವಿ" ಎಂದಿರಂತೆ.

ಅಮ್ಮನಿಗೆ ಹುಷಾರಿಲ್ಲವೆಂದು ನನ್ನನ್ನು ಹಾಸ್ಟೆಲ್‌ಗೆ ಸೇರಿಸಿದ್ದೂ ಅದೇ ವರ್ಷ. ಹತ್ತು ವರ್ಷದವಳು ನಾನು. ನಿಮ್ಮ ಪತ್ರಕ್ಕೆ ಬಕಪಕ್ಷಿಯ ಹಾಗೆ ಕಾಯುತ್ತಿದ್ದೆ. "ಯಾರು ಗೆದ್ದರು?" ಎಂದು ನಾನು ಕೇಳುವುದು, ನೀವು ಭಾನುವಾರದ ಇಡೀ ಮ್ಯಾಚನ್ನು ಬರೆದು ಕಳಿಸುವುದು. ಹದಿಮೂರು ಪತ್ರ, ಹದಿಮೂರು ಪಂದ್ಯ. ಎಲ್ಲವೂ ನನ್ನ ಬಳಿ ಇವೆ ಎಂದಾಗ ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಸಾಕ್ಷಿ ಸಿಕ್ತು ಬಿಡು! ಅದೂ ಅಂಚೆ ಮುದ್ರೆ ಸಮೇತ!"

ಕಳೆದ ಶನಿವಾರ ಅವರ ಅಡುಗೆಮನೆಯ ಮೇಜಿನ ಮೇಲೆ ಪತ್ರಗಳನ್ನು ಹರಡಿದೆ. ಅವರು ಕನ್ನಡಕ ಏರಿಸಿ ಜೋರಾಗಿ ಓದತೊಡಗಿದರು. ನಾಲ್ಕನೆಯದರಲ್ಲಿ ತಡವರಿಸಿದರು. "ಕೊನೇ ನಿಮಿಷದಲ್ಲಿ ನಿನ್ನ ಬಾಗಿಲು ಮಾವ ಎಡಕ್ಕೆ ಹಾರಿ ಪೆನಾಲ್ಟಿ ತಡೆದೇಬಿಟ್ಟ" ಎಂದು ನೀವು ಬರೆದಿದ್ದೀರಿ. ಅದನ್ನವರು ಎರಡು ಸಲ ಓದಿದರು. "ಆ ವರ್ಷ ನಾನು ಇಲ್ಲಿರ್ಲೇ ಇಲ್ವಲ್ಲ ಮಗಳೇ. ನನ್ನ ಟ್ರಂಕು ಹೊತ್ತು ರೈಲು ಹತ್ತಿಸಿದ್ದೇ ನಿಮ್ಮಪ್ಪ." ನಾನು ಪತ್ರ ತೆಗೆದುಕೊಂಡು ಮತ್ತೊಮ್ಮೆ ತಾರೀಖು ನೋಡಿದೆ. ಆಮೇಲೆ ಅವರೇ ನಕ್ಕರು. "ಆದ್ರೂ ಕೊಡು. ಜೀವಮಾನದಲ್ಲಿ ನಾನು ಹಿಡಿದ ಪೆನಾಲ್ಟಿ ಅದೊಂದೇ." ನಗುತ್ತಲೇ ಕಣ್ಣು ಒರೆಸಿಕೊಂಡರು.

ಅಲ್ಲಿಂದ ನೇರ ಜರ್ಸಿ ಒಗೆಯುತ್ತಿದ್ದ ಅಜ್ಜಿಯ ಮನೆಗೆ ಹೋದೆ. "ಡಿಪೋ ಮುಚ್ಚಿದ ವರ್ಷಾನಾ? ಒಂದ್ ಕಾಲುಚೀಲಾನೂ ಬರ್ಲಿಲ್ಲ ನನ್ ಹತ್ರ. ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು. ಯಾರಮ್ಮಾ ಆಡೋರು, ಮಿಡತೆಗಳಾ?" ಎಂದರು.

ಅಪ್ಪಾ, ನನಗೆ ಸಿಟ್ಟಿಲ್ಲ. ನನಗೋಸ್ಕರ ಹೇಳಿದ ಸುಳ್ಳು, ಅದೂ ಎಂಥದ್ದು! ಹದಿಮೂರರಲ್ಲಿ ಒಂಬತ್ತು ಸೋಲು. ಕಾಗದದ ಮೇಲೂ ನಮ್ಮವರನ್ನು ಗೆಲ್ಲಿಸಲು ನಿಮಗೆ ಧೈರ್ಯ ಬರಲಿಲ್ಲವಲ್ಲ. ಆದರೆ ಹದಿನೈದನೇ ತಾರೀಖು ಪುರಸಭೆಯಲ್ಲಿ ವಿಚಾರಣೆ ಇದೆ. ಈ ಪತ್ರಗಳನ್ನು ಮುಂದಿಟ್ಟು, ಇದೆಲ್ಲ ನಿಜವೆಂದು ನಾನು ಸಹಿ ಹಾಕಬೇಕು. ಹಾಕದಿದ್ದರೆ ಮೈದಾನ ಹೋಗುತ್ತದೆ, ನಾನು ಮತ್ತೆ ಮಾವನ ಮುಖ ನೋಡಲಾರೆ. ಹಾಕೋಣವೆಂದು ಪೆನ್ನು ಎತ್ತುತ್ತೇನೆ, ಮತ್ತೆ ಕೆಳಗಿಡುತ್ತೇನೆ. ಸಿಕ್ಕಿಬೀಳುವ ಟೆನ್ಷನ್ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಷ್ಟೇ ಅಲ್ಲ. ಮಿಕ್ಕದ್ದನ್ನು ಬರೆಯಲು ಮೂರು ಸಲ ಕೂತು ಮೂರು ಸಲವೂ ಹಾಳೆ ಹರಿದೆ.

ಬಂದರಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ರೂಮಿನಲ್ಲಿರುವ, ಕ್ರೇನ್ ಓಡಿಸುವ ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳು

ತಾ.ಕ.: ಮೆಸ್ಸಿನ ಗಂಟೆ ಹೊಡೆಯಿತು. ಈ ಗಡಿಬಿಡಿಯಲ್ಲೇ ಕೇಳಿಬಿಡುತ್ತೇನೆ, ಇಲ್ಲವಾದರೆ ಕೇಳುವುದೇ ಇಲ್ಲ. ಒಂಬತ್ತನೇ ಪತ್ರದಲ್ಲಿ ನೀವು ಬರೆದದ್ದು: "ಈ ಭಾನುವಾರ ಅಮ್ಮನೂ ಮೈದಾನಕ್ಕೆ ಬಂದಿದ್ದಳು. ಬೆಂಚಿನ ಮೇಲೆ ಕೂತು ರೆಫರಿಗೆ ಬೈದಳು. ಹುಷಾರಾಗ್ತಿದ್ದಾಳೆ, ನೀನು ಚಿಂತೆ ಮಾಡಬೇಡ." ಅದನ್ನು ಓದಿಯೇ ನಾನು ನಡುವಿನ ರಜೆಗೆ ಮನೆಗೆ ಬರದೆ ಶಾಲೆಯ ಟೂರಿಗೆ ಹೋದದ್ದು. ಹದಿಮೂರನೇ ಪತ್ರ ಬಂದ ಮರುವಾರ ವಾರ್ಡನ್ ನನ್ನನ್ನು ಆಫೀಸಿಗೆ ಕರೆದರು. ನಾನು ಮನೆ ಮುಟ್ಟುವಷ್ಟರಲ್ಲಿ ಅಮ್ಮನನ್ನು ಕಳಿಸಿಕೊಟ್ಟು ಎಲ್ಲರೂ ಸ್ಮಶಾನದಿಂದ ವಾಪಸ್ ಬಂದಾಗಿತ್ತು. ಮ್ಯಾಚೇ ಇರಲಿಲ್ಲವೆಂದರೆ ಅಮ್ಮ ಆ ಭಾನುವಾರ ಎಲ್ಲಿದ್ದಳು ಅಪ್ಪಾ? ರಜೆಗೆ ನಾನು ಬರುತ್ತೇನೆಂದು ಕಾಯುತ್ತಿದ್ದಳಾ? ಮೈದಾನದ ವಿಷಯಕ್ಕೆ ಏನೂ ಬರೆಯದಿದ್ದರೂ ಪರವಾಗಿಲ್ಲ. ಇದಕ್ಕೆ ಮಾತ್ರ ಬೇಗ ಉತ್ತರ ಬರೆಯಿರಿ.