ಜೋಡಿ ಎಕ್ಕ ಒಡೆದ ಕೈ

ಅಂಕೋಲಾ
೨೫ ಮೇ ೨೦೨೫

ನನ್ನ ಮುದ್ದು ನಾಗಶ್ರೀ,

ಗೆದ್ದೆನೇ ಮಗಾ! ಎರಡೂ ಪಾಲು ಗೆದ್ದೆ! ಫೋನಿನಲ್ಲಿ ಕೂಗೋಣವೆಂದರೆ ರಾಮನಾಥಣ್ಣನ ಹೆಂಡತಿ, ನನ್ನ ಅತ್ತಿಗೆ, ಪಕ್ಕದಲ್ಲೇ ಮುಖ ಊದಿಸಿಕೊಂಡು ಕೂತಿದ್ದಾಳೆ. ಅದಕ್ಕೇ ಈ ಪತ್ರವನ್ನು ಮಾವಿನ ಬುಟ್ಟಿಯಲ್ಲಿಟ್ಟು ಪಣಜಿ ಬಸ್ಸಿಗೆ ಹಾಕುತ್ತಿದ್ದೇನೆ.

ನಮ್ಮ ತವರಿನ ಪದ್ಧತಿ ಗೊತ್ತಲ್ಲ, ಅಂಗಳದ ಇಶಾಡು ಮಾವಿನ ಮರದ ಫಸಲನ್ನು ಪ್ರತಿ ಬೇಸಿಗೆಯಲ್ಲೂ ಇಸ್ಪೀಟೇ ಹಂಚುವುದು. ಅರ್ಧ ಎಲ್ಲರಿಗಿಂತ ದೊಡ್ಡ ಎಲೆಗಳ ಕೈಗೆ, ಅರ್ಧ ಎಲ್ಲರಿಗಿಂತ ಸಣ್ಣ ಎಲೆಗಳ ಕೈಗೆ. ಈ ಸಲ ಮರವೇ ಪಣ! ಕಾರಿನ ಶೆಡ್ಡಿಗಾಗಿ ಅದನ್ನು ಕಡಿಸಬೇಕೆಂದು ಅತ್ತಿಗೆಯ ಹಟ. ನಾನು ಹುಟ್ಟಿದ ವರ್ಷ ಅಪ್ಪ ಕಸಿ ಕಟ್ಟಿದ ಮರ, ಬಿಡುತ್ತೇನೆಯೇ? ಕೊನೆಗೆ ರಾಮನಾಥಣ್ಣ ಹೇಳಿದ, ಒಂದೇ ಆಟ ಮಂದಾಕಿನಿ, ನೀನು ಎರಡೂ ಪಾಲು ಗೆದ್ದರೆ ಮರ ಉಳಿಯಿತು, ಅರ್ಧ ಗೆದ್ದರೆ ಸೋಮವಾರವೇ ಗರಗಸ.

ಜಗುಲಿಯಲ್ಲಿ ನಾನು, ಅಣ್ಣ, ತಮ್ಮ ಸತೀಶ ಕೂತೆವು. ಐದೈದು ಎಲೆ, ಒಮ್ಮೆ ಮಾತ್ರ ಬದಲಿಸಬಹುದು. ನನಗೆ ಬಂದದ್ದು ಎರಡು ಎಕ್ಕ, ಜೊತೆಗೆ ಮೂರರ, ನಾಲ್ಕರ, ಐದರ ಒಂದೊಂದು ಎಲೆ! ಹಿಂದಿನಿಂದ ಇಣುಕಿದ ಸತೀಶನ ಹೆಂಡತಿ ಪೂಜಾ, ಜೋಡಿ ಎಕ್ಕ ಇಟ್ಕಳೇ, ಅರ್ಧ ಪಾಲು ನಿಂದೇಯ ಎಂದು ಪಿಸುಗುಟ್ಟಿದಳು. ಅರ್ಧ ಯಾರಿಗೆ ಬೇಕಿತ್ತು! ಹಡಗಿನ ಕ್ಯಾಸಿನೊದಲ್ಲಿ ಎಲೆ ಹಂಚುವ ನೀನೇ ಹೇಳಿಕೊಟ್ಟಿದ್ದೆಯಲ್ಲ, ಪಾಲಿನ ಆಟದಲ್ಲಿ ಒಂದೇ ಕಡೆ ಗೆಲ್ಲುವ ಕೈಯನ್ನು ನೆಚ್ಚಬೇಡ, ಎರಡೂ ಕಡೆ ಗೆಲ್ಲುವ ಕೈ ಕಟ್ಟು, ಅಲ್ಲಿ ಎಕ್ಕ ದೊಡ್ಡದೂ ಹೌದು, ಸಣ್ಣದೂ ಹೌದು ಎಂದು. ಒಂದು ಎಕ್ಕವನ್ನು ಎಸೆದೇಬಿಟ್ಟೆ. ಹುಚ್ಚು ಹಿಡ್ದದ್ಯೇನೇ ನಿಂಗೆ ಎಂದು ಪೂಜಾ ಹಣೆ ಬಡಿದುಕೊಂಡಳು.

ಹೊಸ ಎಲೆ ಎತ್ತಿದೆ. ಇಸ್ಪೀಟಿನ ಎರಡು! ಅಯ್ಯೋ ದೇವರೇ, ಎಕ್ಕದಿಂದ ಐದರವರೆಗೆ ಸಾಲು! ಅದಕ್ಕಿಂತ ಸಣ್ಣ ಕೈ ಇಲ್ಲವೇ ಇಲ್ಲ, ಸಾಲಾದ್ದರಿಂದ ದೊಡ್ಡ ಕೈಯೂ ಹೌದು. ಮೂರು ರಾಣಿ ತೋರಿಸಿ ಮೀಸೆ ತಿರುವುತ್ತಿದ್ದ ಸತೀಶ, ಸಾಲಿನೆದುರು ಅವು ಸೋತವೆಂದು ಎಲೆ ಕೆಳಗೆಸೆದ. ನಂದೆಂತದೂ ಇಲ್ಲ, ಬರೀ ಒಂದು ಜೋಡಿ ಎನ್ನುತ್ತ ರಾಮನಾಥಣ್ಣ ತನ್ನ ಎಲೆಗಳನ್ನು ಕವುಚಿ ಹಾಕಿ, ವೀಳ್ಯದ ಕವಳ ಹಾಕಲು ಎದ್ದುಹೋದ. ನಾನು ಈ ವಯಸ್ಸಿನಲ್ಲಿ ಜಗುಲಿಯ ಮೇಲೆ ಕುಣಿದುಬಿಟ್ಟೆ ಕೂಸೇ! ಅತ್ತಿಗೆಯ ಮುಖ ನೋಡಬೇಕಿತ್ತು ನೀನು.

ಎಲ್ಲ ನಿನ್ನ ಪಾಠದ ಫಲ. ಹಣ್ಣನ್ನು ರೂಮಿನ ಗೆಳತಿಯರಿಗೂ ಕೊಡು.

ಕುಣಿದು ಕಾಲು ನೋಯಿಸಿಕೊಂಡಿರುವ ನಿನ್ನ
ಅಮ್ಮ

ತಾ.ಕ.: ಎಲೆ ಕಟ್ಟಿಡುವಾಗ ಅಣ್ಣ ಕವುಚಿ ಹೋದ ಐದನ್ನೂ ತಿರುಗಿಸಿ ನೋಡಿದೆ. ಐದೂ ಕಳಾವರ, ಒಂದೇ ಜಾತಿ. ನನ್ನ ಸಾಲಿಗಿಂತ ದೊಡ್ಡ ಕೈ. ಬೇಗ ಬೇಗ ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟೆ. ಅತ್ತಿಗೆಗೆ ಗೊತ್ತಾದರೆ ಅವನಿಗೆ ಮನೆಯಲ್ಲಿ ಉಳಿಗಾಲವಿಲ್ಲ, ಯಾರ ಹತ್ತಿರವೂ ಬಾಯಿ ಬಿಡಬೇಡ.