ಅಡುಗೆಮನೆ ಬಾಗಿಲಿನ ಮರದ ತುಂಡುಗಳು

ಯಾರ್ಕ್‌ಟನ್
ಜನವರಿ ೧೯

ತಮ್ಮ ಮೈರನ್,

ಕ್ಷೇಮವೇ ಎಂದು ಕೇಳಬೇಕಲ್ಲ, ಕೇಳಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು. ಎರಡು ಸಲ ಬರೆದು ಒಲೆಗೆ ಹಾಕಿದೆ. ಅದರಲ್ಲಿದ್ದ ಬೈಗುಳ ಓದಿದ್ದರೆ ನೀನು ಈ ಜನ್ಮದಲ್ಲಿ ಇತ್ತ ತಲೆ ಹಾಕುತ್ತಿರಲಿಲ್ಲ. ಇದೂ ಅಂಥ ಸೌಮ್ಯವಾದ ಪತ್ರವೇನಲ್ಲ.

ನಿನಗೆ ಬುದ್ಧಿ ಇದೆಯೇನೋ? ಕ್ರಿಸ್‌ಮಸ್ ಹಿಂದಿನ ಸಂಜೆ ಅಪ್ಪನ ಲಾರಿ ತಂದು ಅಂಗಳದಲ್ಲಿ ನಿಲ್ಲಿಸಿ ಹೋದೆ. ಚಕ್ರಕ್ಕೆಲ್ಲ ಹೆದ್ದಾರಿಯ ಕೆಸರುಹಿಮ ಮೆತ್ತಿತ್ತು. ಒಳಗೆ ಬ್ರೇಕು ಬಿಸಿ, ಒದ್ದೆ. ಅಂಥದ್ದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿದ್ದೀಯಲ್ಲ! "ಚಳೀಲಿ ಬ್ರೇಕ್ ಎಳೀಬೇಡ್ರೋ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡ್ರೋ" ಎಂದು ಅಪ್ಪ ಬಾಯಿ ಬಡಿದುಕೊಂಡಿದ್ದು ಯಾರಿಗೆ? ಗೋಡೆಗಾ?

ಬೆಳಿಗ್ಗೆ ಮೈನಸ್ ನಲವತ್ತು. ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಪಕ್ಕದ ಮನೆಯವರು ಆಗಲೇ ಚರ್ಚಿಗೆ ಹೊರಟುಹೋಗಿದ್ದರು. ಉಳಿದದ್ದು ಲಾರಿ. ಅಮ್ಮ ಕೋಟು, ಬೂಟು, ಕರಿ ಸ್ಕಾರ್ಫು ಎಲ್ಲ ಹಾಕಿಕೊಂಡು ಕೂತಿದ್ದಳು. ಅಪ್ಪ ಹೋದ ಮೇಲೆ ಮೊದಲ ಕ್ರಿಸ್‌ಮಸ್. ಚರ್ಚಿನಲ್ಲಿ ಅವನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಬೇಕೆಂಬ ಒಂದೇ ಆಸೆ ಅವಳಿಗೆ.

ಎಂಜಿನ್ ಗೊರಗುಟ್ಟಿತು, ಹಿಂದಿನ ಚಕ್ರ ಅಲುಗಲಿಲ್ಲ. ಬ್ರೇಕಿನ ಲೈನಿಂಗು ಚಕ್ರದೊಳಗಿನ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಸುತ್ತಿಗೆ ಹಿಡಿದು ಲಾರಿಯಡಿ ತೆವಳಿದೆ. ಡ್ರಮ್ಮಿಗೆ ಬಡಿದೆ, ನಿನ್ನ ಹೆಸರು ಹೇಳಿ ಹೇಳಿ ಬಡಿದೆ. ಸುತ್ತಿಗೆ ಜಾರಿ ಹೆಬ್ಬೆರಳಿನ ಉಗುರು ಕಿತ್ತುಬಂತು. ಅಮ್ಮ ಹೊರಗೆ ಬಂದು, "ಸಾಕು ಬಾರೇ ಸ್ಟೆಫಾ, ಕೈ ಸೆಟೆದುಕೊಂಡೀತು. ಅವನನ್ನ ಬೈಬೇಡ, ಪಾಪ ಮರ್ತಿರ್ತಾನೆ" ಎಂದಳು. ಕೊನೆಯ ಚಕ್ರ ಬಿಟ್ಟುಕೊಳ್ಳುವಷ್ಟರಲ್ಲಿ ಚರ್ಚಿಗೆ ಹೋದವರ ಕಾರುಗಳು ವಾಪಸು ಬರುತ್ತಿದ್ದವು. ಅಮ್ಮ ಸ್ಕಾರ್ಫು ಬಿಚ್ಚಿದಳು.

ಮರೆತನಂತೆ, ಮರೆತ! ಆ ಮರದ ತುಂಡುಗಳು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತವೆ ಎಂದು ನಿನಗೆ ಗೊತ್ತಿಲ್ಲವೇ? ಲಾರಿ ತಂದವರು ಬಾಗಿಲವರೆಗೆ ಬರಲಿ, ಬಿಸಿಯಾಗಿ ಏನಾದರೂ ಕುಡಿದು ಹೋಗಲಿ ಎಂದೇ ಅಪ್ಪ ಅಲ್ಲಿ ಮೊಳೆ ಹೊಡೆದಿದ್ದ. ಲಾರಿಯನ್ನು ನನಗೆ ಕೊಟ್ಟ ಎಂದು, ಅವನನ್ನು ಮಣ್ಣು ಮಾಡಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದೀಯ. ಬೇಕಾದಾಗ ಮಾತ್ರ ಅಮ್ಮನ ಬಾಯಲ್ಲಿ ಹೇಳಿಸಿ ಒಯ್ಯುತ್ತೀಯ. ಬಾಗಿಲಿಗೆ ಬಂದರೆ ನನ್ನ ಮುಖ ನೋಡಬೇಕಾಗುತ್ತದೆ, ಅದಕ್ಕೇ ಬ್ರೇಕ್ ಎಳೆದೆ. ಲಾರಿ ಬೇಕೇನೋ? ತಗೊಂಡು ಹಾಳಾಗಿ ಹೋಗು.

ಹಾಳಾಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ರಸ್ತೆ ಮೇಲೆ ಹುಷಾರು, ಕಿವಿ ಮುಚ್ಚಿಕೊ.

ನಿನ್ನ ಅಕ್ಕ,
ಸ್ಟೆಫಾ

ಮರೆತಿದ್ದೆ: ಆ ಸಂಜೆ ಊಟದ ಮೇಜಿನ ಮೇಲೆ, ತೀರಿಹೋದವರಿಗೆಂದು ಹಬ್ಬಕ್ಕೆ ಇಡುವ ತಟ್ಟೆಯನ್ನು ಅಪ್ಪನಿಗೆ ಇಟ್ಟಿದ್ದೆವು. ಲಾರಿ ಸದ್ದು ಕೇಳಿ ಅಮ್ಮ, "ಬಂದ ಕಣೇ!" ಎಂದು ಎದ್ದು ಇನ್ನೊಂದು ತಟ್ಟೆ ಇಟ್ಟು ನಿನಗಿಷ್ಟದ ಆಲೂಗಡ್ಡೆ ಕಡುಬು ಬಡಿಸಿದಳು. ಆಮೇಲೆ ನಿನ್ನನ್ನು ಕರೆದೊಯ್ದ ಕಾರಿನ ಸದ್ದೂ ಕೇಳಿತು. ಮರುದಿನ ಅಪ್ಪನ ತಟ್ಟೆ ಎತ್ತಿದಳು. ನಿನ್ನ ಕಡುಬನ್ನು ನಾಯಿಗೆ ಹಾಕಿ, ತಟ್ಟೆ ತೊಳೆದು, ಮತ್ತೆ ಅಲ್ಲೇ ಇಟ್ಟಳು. "ಬದುಕಿರೋನ ತಟ್ಟೆ ಎತ್ತಬಾರದು ಕಣೇ" ಎನ್ನುತ್ತಾಳೆ. ಇನ್ನೂ ಮೇಜಿನ ಮೇಲೇ ಇದೆ. ಬಂದು ನೀನೇ ಎತ್ತು, ಕತ್ತೆ.