ಮೆಟ್ಟಿಲ ಮೇಲೆ ಬಿಟ್ಟ ಬಟ್ಟೆ

೧೮ ನವೆಂಬರ್, ಮಂಗಳವಾರ, ನಂಜನಗೂಡು

ಎರಡು ಸಲ ಒಗೆದರೂ ಟ್ರ್ಯಾಕ್‌ಸೂಟಿನ ವಾಸನೆ ಹೋಗಿಲ್ಲ.

ಮುಂದಿನ ತಿಂಗಳು ಯೂನಿವರ್ಸಿಟಿ ಈಜು ಸೆಲೆಕ್ಷನ್. ಈ ಊರಿನ ಕಾಲೇಜಿಗೆ ಬಂದ ಮೇಲೆ ನಾನು ನೀರಿಗೇ ಇಳಿದಿರಲಿಲ್ಲ. ಮೈಸೂರಿನ ಕೊಳಕ್ಕೆ ಹೋಗಿ ಬಂದರೆ ಮೊದಲ ಕ್ಲಾಸು ತಪ್ಪುತ್ತದೆ. ಕಳಲೆ ಕಡೆಯ ನಾಲೆಯಲ್ಲಿ ಮೊಣಕಾಲುದ್ದ ನೀರು. ಕೊನೆಗೆ ಇವತ್ತು ಬೆಳಿಗ್ಗೆ ಸ್ನಾನಘಟ್ಟಕ್ಕೇ ಹೋಗಿ, ಬಟ್ಟೆ ಮಡಚಿ ಮೆಟ್ಟಿಲ ಮೇಲಿಟ್ಟು, ಕಪಿಲೆಗೆ ಇಳಿದೆ. ಆಚೆ ದಡ ಮುಟ್ಟಿ ಬರುವಷ್ಟರಲ್ಲಿ ತೋಳು ಹಗುರಾಗಿತ್ತು.

ಮೇಲೆ ಬಂದರೆ ಬಟ್ಟೆ ಇಲ್ಲ. ಹರಕೆಯವರು ಮುಳುಗೆದ್ದು ಬಿಟ್ಟುಹೋಗುವ ಹಳೇ ಬಟ್ಟೆಗಳ ಒದ್ದೆ ರಾಶಿಯಲ್ಲಿ ನನ್ನದೂ ಸೇರಿತ್ತು. ಘಟ್ಟ ಗುಡಿಸುವ ರುದ್ರಮ್ಮ ಪೊರಕೆ ಹಿಡಿದು ನಿಂತಿದ್ದರು.

“ಬುಟ್ಟೋದ ಬಟ್ಟೆ ಅನ್ಕಂಡೆ ಕಣಪ್ಪ. ಪಕ್ಕದಲ್ಲಿ ಯಾರೂ ಕುಂತಿರ್ನಿಲ್ವಲ್ಲ.”

ನಮ್ಮೂರು ನರಸೀಪುರದಲ್ಲಾದರೆ ಗೆಳೆಯ ಮದನ್ ಕೂತಿರುತ್ತಿದ್ದ. ಅವನಿಗೆ ಈಜು ಬಾರದು. ಕಡಲೆಕಾಯಿ ತಿನ್ನುತ್ತ ನನ್ನ ಬಟ್ಟೆ ಕಾಯುತ್ತಿದ್ದ. ಅದೂ ಒಂದು ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಇಲ್ಲಿ ಯಾರನ್ನು ಕರೆಯಲಿ? ಪಕ್ಕದ ಬೆಂಚಿನವನ ಹೆಸರೂ ಗೊತ್ತಿಲ್ಲ.

“ಜೊತೇಲಿ ಯಾರೂ ಇಲ್ವಾ?” ಅಂದರು ರುದ್ರಮ್ಮ. ಇಲ್ಲ ಅಂದೆ.

“ಅಂಗಾರೆ ಇನ್ನೊಂದು ಜೊತೆ ಚಪ್ಲಿ ತಂದು ಪಕ್ಕಕ್ಕೆ ಬುಟ್ಟಿರು. ಯಾರೋ ಅವ್ರೆ ಅನ್ಕಂಡು ಮುಟ್ಟಾಕಿಲ್ಲ.”

ನಾಳೆಗೆ ಬ್ಯಾಗಿನಲ್ಲಿ ಟವೆಲ್ ಇಟ್ಟೆ. ಹವಾಯಿ ಚಪ್ಪಲಿಯನ್ನೂ ಇಟ್ಟೆ. ಎರಡು ಜೊತೆಯೂ ಒಂದೇ ಅಳತೆ. ಇರಲಿ, ಇಲ್ಲಿ ಅಷ್ಟು ಗಮನವಿಟ್ಟು ಯಾರು ನೋಡುತ್ತಾರೆ?